ತಾನು ಹಿಡಿದ ಮೊಲಕ್ಕೆ ಕೋರೆಹಲ್ಲು

ಮೊಣಕಾಲೆತ್ತರದ ಮನೆಗಳ ಒಂದು ಬೊಂಬೆ ಊರು. ಅದರ ಬೀದಿಯಲ್ಲಿ ಸಾಕಿದ ಮೊಲಗಳು ಸ್ಲೋ ಮೋಷನ್‌ನಲ್ಲಿ ಕುಪ್ಪಳಿಸುತ್ತಾ ಬರುತ್ತವೆ. ಹಿಂದಿನಿಂದ ಗುಡುಗಿನಂಥ ಕಾಲಸಪ್ಪಳ. ಒಂದು ಮೊಲ ನಿಂತು ಮೂಗು ಅಲ್ಲಾಡಿಸುತ್ತದೆ. ಅದರ ಮೂತಿಗೆ ಕೆಂಪು ಬಳಿದಿದ್ದಾರೆ. ಈಗ ನಾವು ನಡುಗಬೇಕು.

ಇದು 1972ರ ಹಾಲಿವುಡ್ ಭಯಾನಕ ಸಿನಿಮಾ ‘ನೈಟ್ ಆಫ್ ದಿ ಲೀಪಸ್’. ಅಮೆರಿಕದ ಅರಿಜೋನದ ಒಂದು ಕಡೆ, ಮೊಲ ತಿನ್ನುವ ತೋಳದ ಜಾತಿಯ ಕೊಯೋಟೆಗಳನ್ನು ಕೊಂದುಹಾಕಿದ್ದಕ್ಕೆ ಮೊಲ ಜಾಸ್ತಿಯಾಗುತ್ತವೆ. ಸಂತತಿ ತಗ್ಗಿಸಲು ವಿಜ್ಞಾನಿ ದಂಪತಿ ಹಾರ್ಮೋನ್ ಚುಚ್ಚುತ್ತಾರೆ. ಅವರ ಮಗಳಿಗೆ ಚುಚ್ಚಿಸಿಕೊಂಡ ಮೊಲವೇ ಮುದ್ದು. ಸುಮ್ನೆ ಎತ್ತಿಕೊಳ್ಳುತ್ತಾಳೆ, ಅದು ತಪ್ಪಿಸಿಕೊಳ್ಳುತ್ತದೆ. ಮುಂದಿನದು ಗೊತ್ತೇ ಇದೆ: ಮೊಲಗಳು ದೈತ್ಯವಾಗಿ ಬೆಳೆದು ಮನುಷ್ಯರನ್ನೇ ತಿನ್ನತೊಡಗುತ್ತವೆ. ಮೈಮೇಲೆ ಎಗರುವ ಮೊಲ ಬೇಕಾದಾಗ ಮೊಲದ ವೇಷ ಹಾಕಿದ ಮನುಷ್ಯರು ಎಗರುತ್ತಾರೆ. ಯಾವ ಜನ್ಮದ ಪಾಪವೋ!

ತಮಾಷೆ ಏನೆಂದರೆ, ಇದಕ್ಕೆ ಆಧಾರವಾದ ರಸೆಲ್ ಬ್ರ್ಯಾಡನ್‌ರ 1964ರ ಕಾದಂಬರಿ ಒಂದು ವಿಡಂಬನೆ. ಸಿನಿಮಾದವರು ಅದರಿಂದ ನಗುವನ್ನು ಸೋಸಿ ತೆಗೆದು ಮೊಲವನ್ನು ಮಾತ್ರ ಉಳಿಸಿಕೊಂಡರು. ನಗು ಹೇಗೋ ಥಿಯೇಟರ್‌ಗೆ ವಾಪಸ್ ಬಂತು ಅನ್ನಿ.

ನಿಜಕ್ಕೂ ಮೊಲ ಹೆದರಿಸಬಲ್ಲದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ 24 ಮೊಲ ತರಿಸಿಕೊಂಡ. ಅವುಗಳ ಸಂತಾನ ಆಸ್ಟ್ರೇಲಿಯಾವನ್ನೇ ಮೇಯ್ದುಬಿಟ್ಟಿತು. ತಡೆಯಲು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಾವಿರದ ಎಂಟುನೂರು ಕಿಲೋಮೀಟರ್‌ಗೂ ಉದ್ದದ ಬೇಲಿ ಹಾಕಿದರು. ಆ ಮೊಲಗಳು ಯಾರ ಕುತ್ತಿಗೆಗೂ ಬಾಯಿ ಹಾಕಲಿಲ್ಲ, ಹುಲ್ಲು ತಿಂದವು ಅಷ್ಟೇ. ಹುಲ್ಲು ತಿನ್ನುವುದರಲ್ಲಿ ಟಿಕೆಟ್ ಓಡುವುದಿಲ್ಲ ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಂಪನಿಯ ನಾಚಿಕೆ. ಮಾಡಿದ್ದು ಚಿಲ್ಲರೆ ಸಂಸ್ಥೆಯಲ್ಲ, ಗರ್ಜಿಸುವ ಸಿಂಹದ ಲಾಂಛನವಿರುವ ಎಂಜಿಎಂ. ಮೊದಲಿಟ್ಟ ಹೆಸರು ‘ರ‍್ಯಾಬಿಟ್ಸ್’. ಆಮೇಲೆ ಯಾರಿಗೋ ಜ್ಞಾನೋದಯವಾಗಿರಬೇಕು, ಲ್ಯಾಟಿನ್‌ಗೆ ಹಾರಿದರು. ಪೋಸ್ಟರ್‌ನಲ್ಲಿ ಮೊಲ ಇಲ್ಲ, ಕತ್ತಲಲ್ಲಿ ಹೊಳೆಯುವ ಕಣ್ಣು ಮಾತ್ರ. ವರನ ಮುಖ ತೋರಿಸದೆ ಧಾರೆ ಎರೆಸಿದ ಹಾಗೆ! ಆ ಲ್ಯಾಟಿನ್ನಾದರೂ ಸರಿಯಿದೆಯಾ? ಲೀಪಸ್ ಎಂದರೆ ಕಾಡಿನ ‘ಹೇರ್’, ತೆರೆಯ ಮೇಲಿರುವುದು ಸಾಕುವ ‘ರ‍್ಯಾಬಿಟ್’. ನಮಗೆ ಎರಡೂ ಮೊಲವೇ, ಆದ್ದರಿಂದ ಬಚಾವ್. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಬೀಳಿಸಲು ಮೊಲ ಅಷ್ಟು ಮಾತಾಡಬೇಕಾಯಿತು. ಇಲ್ಲಿ ಸುಮ್ಮನೆ ಮೂಗು ಅಲ್ಲಾಡಿಸಿದರೆ ಸಾಕಾಯಿತು.

ಕ್ಲೈಮ್ಯಾಕ್ಸ್‌ಗೆ ಮುಂಚೆ ಒಂದು ಡ್ರೈವ್-ಇನ್ ಥಿಯೇಟರ್. ಜನ ಕಾರಲ್ಲಿ ಕೂತು ಸಿನಿಮಾ ನೋಡುತ್ತಿದ್ದಾರೆ. ಪೊಲೀಸ್ ಬಂದು ಮೈಕಿನಲ್ಲಿ ಕೂಗುತ್ತಾನೆ: ಕೊಲೆಗಡುಕ ಮೊಲಗಳ ಹಿಂಡು ಈ ಕಡೆಯೇ ಬರುತ್ತಿದೆ, ನಿಮ್ಮ ಸಹಾಯ ಬೇಕು. ಯಾರೂ ‘ಏನು ಸ್ವಾಮಿ, ಮೊಲಾನಾ?’ ಎಂದು ಕೇಳುವುದಿಲ್ಲ. ಒಬ್ಬರೂ ನಗುವುದಿಲ್ಲ. ಕರೆಂಟ್ ಹರಿಸಿದ ರೈಲು ಹಳಿ ಕಡೆಗೆ ಮೊಲಗಳನ್ನು ಅಟ್ಟಲು ಕಾರುಗಳೆಲ್ಲ ಸಾಲಾಗಿ ಹೊರಡುತ್ತವೆ, ಹೆಡ್‌ಲೈಟ್ ಹಾಕಿಕೊಂಡು. ಆ ಮುಖಗಳನ್ನು ಅಷ್ಟು ಗಂಭೀರವಾಗಿ ಇಟ್ಟುಕೊಳ್ಳಲು ಎಷ್ಟು ಟೇಕ್ ಬೇಕಾಯಿತೋ!