ಮಾರ್ಚ್ ತಿಂಗಳ ಕಿಲೋಮೀಟರು

ನಮ್ಮ ಮಲೆನಾಡಿನಲ್ಲಿ ಎರಡು ನಮೂನೆಯ ಕಿಲೋಮೀಟರುಗಳಿವೆ. ಮಾರ್ಚ್ ತಿಂಗಳದ್ದು ಒಂದು, ಜುಲೈ ತಿಂಗಳದ್ದು ಇನ್ನೊಂದು. ಸರ್ಕಾರದ ಟೇಪಿಗೆ ಗೊತ್ತಿರುವುದು ಮಾರ್ಚಿನದ್ದು ಮಾತ್ರ.

ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಐದನೇ ಕ್ಲಾಸಿನವರೆಗಿನ ಮಗುವಿಗೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಇಲ್ಲದಿದ್ದರೆ ‘ಸಮಗ್ರ ಶಿಕ್ಷಣ’ ಯೋಜನೆಯ ದುಡ್ಡಿನಲ್ಲಿ ಸಾರಿಗೆ ಭತ್ಯೆ, ವರ್ಷಕ್ಕೆ 6,000 ರೂಪಾಯಿವರೆಗೆ. ಒಳ್ಳೆಯ ಕಾನೂನೇ. ನಮ್ಮೂರ ಹಳ್ಳದಾಚೆಯ ಏಳು ಮನೆಯವರು ಅರ್ಜಿ ಕೊಟ್ಟರು. ಅಳೆಯುವವರು ಬಂದದ್ದು ಮಾರ್ಚಿನಲ್ಲಿ. ಹಳ್ಳದಲ್ಲಿ ಕಪ್ಪೆಗೂ ನೀರಿರಲಿಲ್ಲ. ಚಪ್ಪಲಿ ಬಿಚ್ಚದೆ ದಾಟಿ ಬರೆದುಕೊಂಡರು: 900 ಮೀಟರು.

‘ಮಳೆಗಾಲದಲ್ಲಿ ದೊಡ್ಡ ಸೇತುವೆ ಸುತ್ತಿ ಬರಬೇಕು ಸಾರ್, 7 ಕಿಲೋಮೀಟರು.’

‘ಎಂತದು ಮಾರಾಯ್ರೆ, ದೂರ ಅಂದಮೇಲೆ ದೂರ. ಅದು ಮಳೆ ಬಂದರೆ ಉದ್ದ ಆಗ್ತದಾ?’

ಮಳೆಗೆ ಬಾಗಿಲು ಉಬ್ಬುವುದನ್ನು ತೋರಿಸಬಹುದು. ದಾರಿ ಉಬ್ಬುವುದನ್ನು ತೋರಿಸಲು ನಮ್ಮಿಂದಾಗಲಿಲ್ಲ.

ಹಾಗಂತ ಸರ್ಕಾರ ಸುಮ್ಮನೆ ಕೂತಿಲ್ಲ. 2006ರಲ್ಲೇ ಸೈಕಲ್ ಯೋಜನೆ ತಂದಿತು, ಎಂಟನೇ ಕ್ಲಾಸಿನವರಿಗೆ. ಅಲ್ಲಿಯವರೆಗೆ ಬದುಕಿ ಬಂದವರಿಗೆ ಬಹುಮಾನ ಅನ್ನಿ. ಹಳ್ಳದಾಚೆಗೂ ಮೂರು ಬಂದವು. ಸಂಕದ ಮೇಲೆ ಸೈಕಲ್ ಹೋಗುವುದಿಲ್ಲವಲ್ಲ, ಅಪ್ಪ ಸೈಕಲ್ ಹೊತ್ತು ಮುಂದೆ, ಮಗ ಚೀಲ ಹೊತ್ತು ಹಿಂದೆ. ಕೋವಿಡ್ ಕಾಲಕ್ಕೆ ಯೋಜನೆ ಸ್ಟ್ಯಾಂಡ್ ಹಾಕಿ ನಿಂತಿತು; ಅಪ್ಪಂದಿರ ಹೆಗಲಿಗೆ ಅಷ್ಟು ಬಿಡುವು. 2023ರ ಜೂನಿನಲ್ಲಿ ‘ಶಕ್ತಿ’ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನಮ್ಮ ರೂಟಿನಲ್ಲಿ ಓಡುವ ಎರಡೂ ಖಾಸಗಿ ಬಸ್ಸುಗಳು. ಅವು ನಿಲ್ಲುವುದೂ ಹಳ್ಳದ ಈಚೆ.

ಸಂಕ ಅಂದರೇನೆಂದು ಬಯಲುಸೀಮೆಯವರು ಕೇಳಬಹುದು. ಅಡಿಕೆ ಮರ ಎರಡು ಅಡ್ಡ ಹಾಕಿ, ಕೈಗೊಂದು ಬಿದಿರು ಕಟ್ಟಿದರೆ ಸಂಕ. ಆಷಾಢದಲ್ಲಿ ಪಾಚಿ ಕಟ್ಟಿತೆಂದರೆ ಅದರ ಮೇಲೆ ಇರುವೆಯೂ ಜಾರುತ್ತದೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ಕ್ಲಾಸಿನ ಮಗುವೊಂದು ಶಾಲೆಯಿಂದ ಬರುವಾಗ ಇಂಥದ್ದೇ ಸಂಕದಿಂದ ಜಾರಿ ನೀರುಪಾಲಾಯಿತು. ಆಮೇಲೆ ನಮ್ಮಲ್ಲಿಗೂ ಪಟ್ಟಿ ಹಿಡಿದು ಬಂದರು. ‘ಶಾಲಾ ಸಂಪರ್ಕ ಸೇತು’ ಅಂತ ಚಂದದ ಹೆಸರಿನ ಯೋಜನೆಯೇ ಇದೆ.

‘ಎಷ್ಟು ಮಕ್ಕಳು?’

‘ಐದು.’

‘ಐದಕ್ಕೆಲ್ಲ ಸೇತುವೆ ಹೇಗೆ ಬರ್ತದೆ?’

ಹಿಂದಿನ ವರ್ಷ ಒಂಬತ್ತಿದ್ದವು. ಸೇತುವೆ ಇಲ್ಲವೆಂದು ನಾಲ್ಕನ್ನು ಅಜ್ಜಿಮನೆಗೆ ಕಳಿಸಿದ್ದರು. ಈಗ ಮಕ್ಕಳು ಕಡಿಮೆಯೆಂದು ನಮ್ಮ ಶಾಲೆಯನ್ನೇ ಪಕ್ಕದೂರಿನದ್ದಕ್ಕೆ ಸೇರಿಸುವ ಮಾತು ನಡೆದಿದೆ. ಸೇರಿಸಿದರೆ ದೂರ ಮಾರ್ಚಿನಲ್ಲೂ 5 ಕಿಲೋಮೀಟರು, ಭತ್ಯೆ ಗಟ್ಟಿ! ಹೋರಾಟ ಫಲಿಸಿದ ಖುಷಿಗೆ ಹಾರ ತರಿಸಿಟ್ಟಿದ್ದೇನೆ. ಶಾಲೆಯ ಬೀಗಕ್ಕೆ ಹಾಕುವುದೋ ಸಾಹೇಬರ ಕೊರಳಿಗೋ ಗೊತ್ತಾಗುತ್ತಿಲ್ಲ.

ಕೈಕೊಡದ ಯೋಜನೆ ಒಂದೇ, ಮಳೆ ರಜೆ. ಟೆಂಡರ್ ಬೇಡ, ಎಸ್ಟಿಮೇಟ್ ಬೇಡ, ಒಂದು ವಾಟ್ಸ್ಆ್ಯಪ್ ಸಂದೇಶ ಸಾಕು. ಏಳು ಮನೆಗೆ ನೆಟ್‌ವರ್ಕ್ ಇಲ್ಲ. ಹಾಗಾಗಿ ಮಕ್ಕಳು ರಜೆ ಇದೆಯೆಂದು ತಿಳಿಯಲು ಹಳ್ಳ ದಾಟಿ ಬರುತ್ತಾರೆ, ತಿಳಿದ ಮೇಲೆ ದಾಟಿ ಹೋಗುತ್ತಾರೆ.

ಮೊನ್ನೆ ಕಡತಕ್ಕೆ ಫೋಟೋ ಬೇಕೆಂದು ಒಬ್ಬರು ಬಂದಿದ್ದರು. ಜಿಪಿಎಸ್ ಫೋಟೋ. ಸಂಕದ ಮೇಲೆ ಮಗು ಇರಬೇಕು, ಯೂನಿಫಾರ್ಮಿನಲ್ಲಿ. ಮೂರನೇ ಕ್ಲಾಸಿನವಳನ್ನು ಹತ್ತಿಸಿದರು. ‘ನಡುವೆ ನಿಲ್ಲು ಪುಟ್ಟಿ, ಇತ್ಲಾಗೆ ನೋಡು.’ ಸಿಗ್ನಲ್ ಹಿಡಿಯಲಿಲ್ಲ. ಹಿಂದೆ ಹೋಗಿ ಇನ್ನೊಮ್ಮೆ ಬಾ ಅಂದರು. ಎರಡನೇ ಸಲ ಬೆಳಕು ಸಾಲಲಿಲ್ಲ. ಮೂರನೇ ಸಲಕ್ಕೆ ಅವಳ ಅಜ್ಜ ತಡೆಯಲಾರದೆ ಸೊಂಟಮಟ್ಟದ ನೀರಿಗಿಳಿದು, ಸಂಕದ ಕೆಳಗೆ ಎರಡೂ ಕೈ ಚಾಚಿ ನಿಂತರು.

‘ಅಜ್ಜಾ, ಸ್ವಲ್ಪ ಆಚೆ ಹೋಗಿ. ಫೋಟೋದಲ್ಲಿ ನೀವು ಬರ್ತಿದ್ದೀರಿ.’