ಸ್ಪಷ್ಟನೆ: ಶೇ 80 ಸಹಿ ಇಲ್ಲದಿದ್ದರೆ ಬಿಡಿಎ ಬಡಾವಣೆ ನಿಲ್ಲುತ್ತದೆಯೇ?

‘ಶೇ 80ರಷ್ಟು ಜನ ಒಪ್ಪಿಗೆಯ ಸಹಿ ಹಾಕದಿದ್ದರೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆ ಮಾಡುವಂತಿಲ್ಲ’ ಎಂಬ ಮಾತು ವಿರೋಧವಿರುವ ಊರುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆ ಷರತ್ತು 2013ರ ಭೂಸ್ವಾಧೀನ ಕಾಯ್ದೆಯದ್ದು, ಅದೂ ಖಾಸಗಿ ಕಂಪನಿಗಾಗಿ ಸರ್ಕಾರ ಜಮೀನು ಪಡೆಯುವಾಗ ಮಾತ್ರ. ಬಿಡಿಎ ಸ್ವಾಧೀನ ನಡೆಯುವುದು 1976ರ ಅದರದೇ ಕಾಯ್ದೆಯಡಿ; ಅದಕ್ಕೆ 2013ರ ಕಾಯ್ದೆ ಅನ್ವಯಿಸದು ಎಂದು ಶಿವರಾಮ ಕಾರಂತ ಬಡಾವಣೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಸಹಿ ಸಂಗ್ರಹಕ್ಕಿಂತ ಮುಖ್ಯವಾದದ್ದು ಬಿಡಿಎ ಕಾಯ್ದೆಯ 17ನೇ ಸೆಕ್ಷನ್ನಿನಡಿ ಬರುವ ಸ್ವಾಧೀನದ ನೋಟಿಸ್. ಕೈಸೇರಿದ 30 ದಿನದೊಳಗೆ ಪ್ರತಿ ಮಾಲೀಕರೂ ಸರ್ವೆ ನಂಬರ್, ವಿಸ್ತೀರ್ಣ, ಮನೆ, ತೋಟ, ಕೊಳವೆಬಾವಿಯ ವಿವರ ಬರೆದು ಪ್ರತ್ಯೇಕವಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಎಡವುವುದು ಇಲ್ಲೇ: ಪಹಣಿಯಲ್ಲಿ ತೀರಿಕೊಂಡ ತಾತನ ಹೆಸರೇ ಉಳಿದಿದ್ದರೆ ನೋಟಿಸ್ ಅವರ ಹೆಸರಿಗೇ ಹೊರಡುತ್ತದೆ, ಗಡುವು ಸದ್ದಿಲ್ಲದೆ ಮುಗಿಯುತ್ತದೆ. ದಯವಿಟ್ಟು ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಈಗಲೇ ಮಾಡಿಸಿಕೊಳ್ಳಿ.