ನಕ್ಕ ಮಕ್ಕಳಿಗೂ ಪಾಠ ಬೇಕು

ಪ್ರೈಮರಿ ಶಾಲೆಯಲ್ಲಿ ಒಂದು ಮಗು ಇನ್ನೊಂದಕ್ಕೆ ದಿನಾ ಕಾಟ ಕೊಡುತ್ತಿದ್ದರೆ ನಾವು ದೊಡ್ಡವರು ಹೇಳುವುದು ಎರಡೇ ಮಾತು. ‘ಮಕ್ಕಳಲ್ವಾ, ಬಿಡಿ’ ಅನ್ನೋದು ಒಂದು. ‘ನೀನೂ ತಿರುಗಿಸಿ ನಾಲ್ಕು ಬಿಡು’ ಅನ್ನೋದು ಇನ್ನೊಂದು. ಎರಡರಿಂದಲೂ ಏಟು ತಿಂದ ಮಗುವಿಗೆ ಏನೂ ಸಿಗುವುದಿಲ್ಲ.

ಮಂಡ್ಯದಲ್ಲಿ ನಮ್ಮ ಬೀದಿಯ ಒಬ್ಬ ಹುಡುಗ, ಮೂರನೇ ಕ್ಲಾಸು, ಮಾತಾಡುವಾಗ ತೊದಲುತ್ತಾನೆ. ಹಾಜರಿ ಕೂಗಿದಾಗ ‘ಎಸ್ ಮಿಸ್’ ಅನ್ನೋಕೆ ಅವನಿಗೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಹಿಂದಿನ ಸಾಲಿಂದ ಒಬ್ಬ ‘ಎ... ಎ... ಎ...’ ಅಂತ ಅಣಕಿಸುತ್ತಾನೆ, ಇಡೀ ಕ್ಲಾಸು ಗೊಳ್ ಅಂತ ನಗುತ್ತದೆ. ಈಗ ಅವನು ಬಾಯೇ ಬಿಡುವುದಿಲ್ಲ, ಸುಮ್ನೆ ಕೈ ಎತ್ತುತ್ತಾನೆ. ಬೆಳಿಗ್ಗೆ ಸ್ಕೂಲಿಗೆ ಹೊರಡೋ ಹೊತ್ತಿಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಮನೆಯವರು ನಾಟಕ ಅಂದುಕೊಂಡಿದ್ದರು. ಆದರೆ ಭಯ ಹೊಕ್ಕ ಮಗುವಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ, ಇದನ್ನು ಯಾವ ಮಕ್ಕಳ ಡಾಕ್ಟರ್ ಕೇಳಿದರೂ ಹೇಳುತ್ತಾರೆ.

ಅಣಕಿಸಿದವನು ಒಬ್ಬನೇ. ನಕ್ಕವರು ಇಡೀ ಕ್ಲಾಸು. ನನಗೆ ಜಾಸ್ತಿ ಚಿಂತೆ ಆ ನಕ್ಕವರದ್ದು, ಯಾಕಂದ್ರೆ ಅವರು ನಗದಿದ್ದರೆ ಅವನು ನಾಳೆ ಮತ್ತೆ ಅಣಕಿಸುವ ಸಾಧ್ಯತೆ ಕಡಿಮೆ.

ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ತಂಡ ಇದೇ ವಿಷಯ ಹಿಡಿದು ‘ಕಿವಾ’ ಅನ್ನೋ ಕಾರ್ಯಕ್ರಮ ಮಾಡಿತು, 2009ರಿಂದ ಅದು ಆ ದೇಶದ ಬಹುಪಾಲು ಶಾಲೆಗಳಿಗೆ ಹರಡಿತು. ಅದರ ಮುಖ್ಯ ಗಮನ ಸುತ್ತ ನಿಂತು ನೋಡುವ ಮಕ್ಕಳ ಮೇಲೆ. ಯಾರು ಜೊತೆಗೂಡುತ್ತಾರೆ, ಯಾರು ನಕ್ಕು ಹುರಿದುಂಬಿಸುತ್ತಾರೆ, ಯಾರು ಸುಮ್ಮನೆ ದೂರ ಸರಿಯುತ್ತಾರೆ, ಯಾರು ನೊಂದವರ ಪಕ್ಕ ನಿಲ್ಲುತ್ತಾರೆ ಅಂತ ಮಕ್ಕಳೇ ಆಟವಾಡಿ, ಮಾತಾಡಿ ಕಂಡುಕೊಳ್ಳುತ್ತಾರೆ. ಕಾಟ ನಡೆದದ್ದು ಗೊತ್ತಾದಾಗ ಶಿಕ್ಷಕರು ಕಾಟ ಕೊಟ್ಟವನನ್ನು ಬೇರೆ ಕೂರಿಸಿ ಮಾತಾಡುತ್ತಾರೆ, ಕ್ಲಾಸಿನ ಕೆಲವು ಒಳ್ಳೆ ಮಕ್ಕಳಿಗೆ ನೊಂದ ಮಗುವಿನ ಜೊತೆ ಇರೋ ಕೆಲಸ ಕೊಡುತ್ತಾರೆ. ನಮ್ಮಲ್ಲಿ ಏನ್ ಮಾಡ್ತೀವಿ? ಪ್ರಾರ್ಥನೆಯಲ್ಲಿ ಎಲ್ಲರ ಎದುರು ನಿಲ್ಲಿಸಿ ‘ಸಾರಿ ಕೇಳು’ ಅಂತೀವಿ. ಆ ಹುಡುಗ ಅವಮಾನ ಹೊತ್ತುಕೊಂಡು, ಸ್ಕೂಲ್ ಬಿಟ್ಟ ಮೇಲೆ ಗೇಟಿನ ಹೊರಗೆ ಸೇಡು ತೀರಿಸಿಕೊಳ್ಳುತ್ತಾನೆ.

ಇದಕ್ಕೆ ಫಿನ್‌ಲೆಂಡೇ ಬೇಕಾ ಅಂತ ಕೇಳಬೇಡಿ. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ ‘ನಲಿ ಕಲಿ’ ಹುಟ್ಟಿದ್ದು 1995ರಲ್ಲಿ, ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಮಕ್ಕಳು ಗುಂಪಾಗಿ ಕೂರುವುದು, ಒಬ್ಬರಿಗೊಬ್ಬರು ಹೇಳಿಕೊಡುವುದು ಅಲ್ಲಿ ದಿನದ ಪಾಠದ ಭಾಗ. ಆ ಗುಂಪಿನಲ್ಲೇ ಬೆಳಿಗ್ಗೆ ಸ್ವಲ್ಪ ಹೊತ್ತು ‘ನಿನ್ನೆ ಯಾರಿಗೆ ಬೇಜಾರಾಯ್ತು, ಯಾರು ಸಹಾಯ ಮಾಡಿದರು’ ಅಂತ ಕೇಳಿದರೆ ಏನು ಕಷ್ಟ? ವರ್ಷಕ್ಕೊಂದು ದಿನ ಮೈಕ್ ಹಿಡಿದು ದಯೆ, ಕರುಣೆ ಅಂತ ಭಾಷಣ ಮಾಡಿದರೆ ಮಕ್ಕಳು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ.

ದೊಡ್ಡವರ ಬಾಯಿಯ ಬಗ್ಗೆಯೂ ಹೇಳಲೇಬೇಕು. ‘ಏ ಕೋಣ’, ‘ದಡ್ಡ ಶಿಖಾಮಣಿ’, ‘ಕುಳ್ಳಿ’ ಅಂತ ಮೇಷ್ಟ್ರೇ ಕರೆದರೆ ಮಕ್ಕಳಿಗೆ ಅದೇ ಅನುಮತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಏಟು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯಲ್ಲೂ ಅಷ್ಟೇ. ಮದುವೆ ಮನೆಯಲ್ಲಿ ಸಂಬಂಧಿಕರ ಮಗುವಿನ ಬಣ್ಣದ ಬಗ್ಗೆ ನಗಾಡಿ, ಶಾಲೆಯಲ್ಲಿ ಮಗ ಹಾಗೆ ಅಂದ ಅಂತ ಕಂಪ್ಲೇಂಟ್ ಬಂದಾಗ ಆಶ್ಚರ್ಯ ಪಡೋದು ಯಾವ ನ್ಯಾಯ?

ನಮ್ಮ ಬೀದಿಯ ಆ ತೊದಲುವ ಹುಡುಗನನ್ನು ಮನೆಯವರು ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತಿದ್ದಾರೆ. ಒಳ್ಳೆಯದು. ಅವನ ಮಾತಿಗೆ ಥೆರಪಿ ಇದೆ, ಆದರೆ ಅವನ ಕ್ಲಾಸಿನ ನಗುವಿಗೆ ಥೆರಪಿ ಕೊಡಬೇಕಾದವರು ನಾವು ಮತ್ತು ಶಿಕ್ಷಕರು.

ಸಂಜೆ ಮಗು ಬಂದ ತಕ್ಷಣ ‘ಎಷ್ಟು ಮಾರ್ಕ್ಸು’ ಅನ್ನೋ ಬದಲು ‘ಊಟಕ್ಕೆ ಯಾರ ಪಕ್ಕ ಕೂತಿದ್ದೆ, ಒಬ್ಬರೇ ಕೂತವರು ಯಾರಾದ್ರೂ ಇದ್ರಾ’ ಅಂತ ಕೇಳಿ ನೋಡಿ. ಏನಾದರೂ ಹೇಳಿದರೆ ಚಾಡಿ ಅಂತ ಬಾಯಿ ಮುಚ್ಚಿಸಬೇಡಿ. ಯಾರಿಗೂ ಹೇಳಲಾಗದ ಸ್ಥಿತಿ ಬಂದರೆ 1098 ಮಕ್ಕಳ ಸಹಾಯವಾಣಿ ಇದೆ, ಆ ನಂಬರ್ ಮಗುವಿಗೂ ಬಾಯಿಪಾಠ ಆಗಿರಲಿ. ಮುಂದಿನ ಪೋಷಕರ ಸಭೆಯಲ್ಲಿ ಟೈ, ಶೂ ಬಗ್ಗೆ ಮಾತಾಡಿ ಮುಗಿದ ಮೇಲಾದರೂ ಯಾರಾದರೂ ಒಬ್ಬರು ಎದ್ದು, ಕ್ಲಾಸಿನಲ್ಲಿ ನಡೆಯುವ ಈ ಕಾಟಕ್ಕೆ ಏನು ಮಾಡುತ್ತೀರಿ ಅಂತ ಕೇಳಿ. ನಮ್ಮ ಬೀದಿಯವರು ಸೇರಿ ಕೇಳುವುದು ಅಂತ ಮಾತಾಡಿಕೊಂಡಿದ್ದೇವೆ.